ಗೇಮ್ ಆಡಿದರೆ ಯುದ್ಧದ ನೆನಪು ಅಳಿಸಿಹೋಗುತ್ತದೆಯೇ? ಉತ್ತರ ಡಾ. ರಿವರ್ಸ್ ಬದುಕಿನಲ್ಲಿದೆ

ಯುದ್ಧದಿಂದ ಮರಳಿದ ಸೈನಿಕರಿಗೆ ವಿದೇಶಗಳಲ್ಲಿ ವಿಡಿಯೊ ಗೇಮ್ ಆಡಿಸಿ ಮನಸ್ಸಿನ ಗಾಯ ವಾಸಿ ಮಾಡುತ್ತಾರಂತೆ. ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಅದೇ ಗ್ರೂಪಿನಲ್ಲಿ ಅದಕ್ಕೆ ತದ್ವಿರುದ್ಧವಾದದ್ದೂ ಬಂದಿರಬಹುದು: ಗೇಮ್ ಆಡಿದರೆ ತಲೆ ಕೆಡುತ್ತದೆ, ಆದದ್ದನ್ನೆಲ್ಲ ಮರೆತು ಮನಸ್ಸು ಗಟ್ಟಿ ಮಾಡಿಕೊಳ್ಳುವುದೊಂದೇ ಮದ್ದು.

ಮೊದಲನೆಯದು ಅರ್ಧ ನಿಜ. ಎರಡನೆಯದರಲ್ಲಿ ಮರೆತುಬಿಡಿ ಎನ್ನುವ ಭಾಗವಿದೆಯಲ್ಲ, ಅದು ನೂರು ವರ್ಷಗಳ ಹಿಂದೆಯೇ ಸೋತ ಸಲಹೆ. ಅದು ಸೋತದ್ದನ್ನು ಹತ್ತಿರದಿಂದ ನೋಡಿ ಬರೆದಿಟ್ಟ ವೈದ್ಯರೊಬ್ಬರಿದ್ದರು. ಅವರ ಕಾಲದಲ್ಲಿ ಟಿವಿಯೇ ಇರಲಿಲ್ಲ, ಗೇಮ್ ಎಲ್ಲಿಂದ ಬರಬೇಕು? ಆದರೂ ಇಂದು ಸೈನಿಕರ ಕಣ್ಣಿಗೆ ಕಟ್ಟುವ ವಿಆರ್ ಹೆಡ್‌ಸೆಟ್‌ನ ಹಿಂದಿರುವ ಯೋಚನೆ ಅರ್ಥವಾಗಬೇಕಾದರೆ ಅವರ ಬದುಕನ್ನು ಒಮ್ಮೆ ನೋಡಬೇಕು.

ಅವರ ಹೆಸರು ವಿಲಿಯಂ ಹಾಲ್ಸ್ ರಿವರ್ಸ್ ರಿವರ್ಸ್. ಕೊನೆಯ ಪದ ಎರಡು ಸಲ ಬಂದಿರುವುದು ನಮ್ಮ ಟೈಪಿಂಗ್ ತಪ್ಪಲ್ಲ, ಅವರ ಹೆಸರೇ ಹಾಗೆ.

ಉಗ್ಗು ಬಿಡಿಸುವವರ ಮನೆಯ ಉಗ್ಗುವ ಹುಡುಗ

ರಿವರ್ಸ್ ಹುಟ್ಟಿದ್ದು 1864ರ ಮಾರ್ಚ್ 12ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ತಂದೆ ಪಾದ್ರಿ, ಜೊತೆಗೆ ಉಗ್ಗಿಗೆ ಚಿಕಿತ್ಸೆ ಕೊಡುವುದರಲ್ಲಿ ಹೆಸರು ಮಾಡಿದವರು. ಸೋದರಮಾವನದೂ ಅದೇ ಕಸುಬು. ಮಕ್ಕಳ ಕಥೆಗಳಿಂದ ಪ್ರಸಿದ್ಧನಾದ ಲೂಯಿಸ್ ಕ್ಯಾರಲ್ ಕೂಡ ತನ್ನ ಉಗ್ಗಿಗಾಗಿ ಈ ಮನೆಗೆ ಬರುತ್ತಿದ್ದ. ಆದರೆ ಮನೆಯ ಮಗನ ಉಗ್ಗು ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಹೇಳಬೇಕಾದದ್ದು ಗಂಟಲಲ್ಲಿ ಸಿಕ್ಕಿಕೊಂಡಾಗ ಹೇಗಿರುತ್ತದೆ ಎನ್ನುವುದು ಈ ವೈದ್ಯರಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು.

ಅವರಲ್ಲಿ ಇನ್ನೂ ಒಂದು ವಿಚಿತ್ರವಿತ್ತು. ಯಾವುದನ್ನೂ ಅವರಿಗೆ ಚಿತ್ರದಂತೆ ನೆನಪಿಸಿಕೊಳ್ಳಲು ಆಗುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಕಣ್ಣು ಮುಚ್ಚಿದರೆ ಅಮ್ಮನ ಮುಖ ಕಾಣುತ್ತದೆ. ರಿವರ್ಸ್ ಅವರಿಗೆ ಎಚ್ಚರದಲ್ಲಿ ಅಂಥ ಚಿತ್ರ ಮೂಡುತ್ತಿರಲಿಲ್ಲ. ಐದು ವರ್ಷದವರೆಗೆ ಇದ್ದ ಮನೆಯ ಕೆಲವು ಭಾಗಗಳು ಮಾತ್ರ ನೆನಪಿಗೆ ಬರುತ್ತಿದ್ದವು. ಅದೇ ಮನೆಯ ಮೇಲಂತಸ್ತು ಮಾತ್ರ ಎಷ್ಟು ಪ್ರಯತ್ನಿಸಿದರೂ ಖಾಲಿ. ಅಲ್ಲಿ ಏನೋ ನಡೆದಿರಬೇಕು, ಮನಸ್ಸು ಅದನ್ನು ಮುಚ್ಚಿಟ್ಟಿರಬೇಕು ಎಂದು ಅವರೇ ಮುಂದೆ ಊಹಿಸಿದರು. ಹೀಗೆ ಮನಸ್ಸಿನಲ್ಲಿ ಚಿತ್ರ ಮೂಡದಿರುವುದಕ್ಕೆ ಇಂದು ಅಫ್ಯಾಂಟೇಸಿಯ ಎನ್ನುತ್ತಾರೆ. ಆ ಹೆಸರು ಬಂದದ್ದು 2015ರಲ್ಲಿ.

ನಂಬಿಕೆಯನ್ನು ಅಳತೆಗೆ ಹಚ್ಚಿದವರು

ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯಲ್ಲಿ ಓದಿ 1886ರಲ್ಲಿ, 22ನೇ ವಯಸ್ಸಿಗೇ, ರಿವರ್ಸ್ ವೈದ್ಯರಾದರು. ಕೆಲಕಾಲ ಹಡಗಿನ ವೈದ್ಯರಾಗಿ ಜಪಾನಿನವರೆಗೆ ಹೋಗಿಬಂದರು. 1893ರಿಂದ ಕೇಂಬ್ರಿಜ್‌ನಲ್ಲಿ ಪಾಠ ಹೇಳತೊಡಗಿದರು.

1898ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ ಸಂಶೋಧಕರ ತಂಡದಲ್ಲಿ ಅವರಿದ್ದರು. ಕಾಡಿನಲ್ಲಿ, ದ್ವೀಪಗಳಲ್ಲಿ ಬದುಕುವ ಜನರಿಗೆ ಹದ್ದಿನ ಕಣ್ಣು ಇರುತ್ತದೆ ಎಂದು ಆಗ ಯುರೋಪಿನವರು ನಂಬಿದ್ದರು. ರಿವರ್ಸ್ ದ್ವೀಪವಾಸಿಗಳ ದೃಷ್ಟಿಯನ್ನು ಅಳೆದೇ ನೋಡಿದರು. ವ್ಯತ್ಯಾಸ ಇದ್ದರೂ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ. ದೂರದ ದೋಣಿಯನ್ನು ಅವರು ಬೇಗ ಗುರುತಿಸುತ್ತಿದ್ದದ್ದು ಆ ಕಡಲು ಅವರಿಗೆ ಅಷ್ಟು ಪರಿಚಿತವಾಗಿದ್ದರಿಂದ. ಅಂದಿನ ಕಾಲದ ಒಂದು ಜನಪ್ರಿಯ ಫಾರ್ವರ್ಡ್ ಹೀಗೆ ಬಿದ್ದುಹೋಯಿತು.

ತಮ್ಮನ್ನೇ ತಾವು ನಂಬದಿರುವ ಗುಣವೂ ಅವರಲ್ಲಿತ್ತು. ಮದ್ಯ ಮತ್ತು ಕೆಫೀನ್ ಕುಡಿದರೆ ದಣಿವು ಹೆಚ್ಚುತ್ತದೆಯೋ ತಗ್ಗುತ್ತದೆಯೋ ಎಂದು 1907ರ ಸುಮಾರಿಗೆ ತಮ್ಮ ಮೇಲೆಯೇ ಪ್ರಯೋಗ ಮಾಡಿದರು. ಇಂದು ಕುಡಿದದ್ದು ಯಾವುದು ಎಂದು ಗೊತ್ತಾದರೆ ಮನಸ್ಸೇ ಫಲಿತಾಂಶವನ್ನು ಬದಲಿಸೀತು ಎಂಬ ಅನುಮಾನ. ಅದಕ್ಕೆ ಪಾನೀಯದ ರುಚಿ ಗುರುತು ಸಿಗದಂತೆ ಮಾಡಿಕೊಂಡರು. ಇಂದು ಹೊಸ ಔಷಧಿಯನ್ನು ಪರೀಕ್ಷಿಸುವಾಗ ರೋಗಿಗೆ ಯಾವುದು ಅಸಲಿ ಮಾತ್ರೆ, ಯಾವುದು ಸಪ್ಪೆ ಮಾತ್ರೆ ಎಂದು ಹೇಳುವುದಿಲ್ಲವಲ್ಲ, ಆ ಪದ್ಧತಿಯ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ನಮ್ಮ ನೆರೆಯ ನೀಲಗಿರಿಯಲ್ಲಿ

ಬಂಡೀಪುರ ದಾಟಿ ಊಟಿಗೆ ಹೋದವರಿಗೆಲ್ಲ ಗೊತ್ತಿರುವ ನೀಲಗಿರಿ ಬೆಟ್ಟಗಳಿಗೆ ರಿವರ್ಸ್ ಬಂದದ್ದು 1901-02ರಲ್ಲಿ. ಕನ್ನಡಕ್ಕೆ ಬಹಳ ಹತ್ತಿರದ ಮಾತಾಡುವ ಬಡಗರ ಪಕ್ಕದಲ್ಲೇ ಎಮ್ಮೆ ಸಾಕಿಕೊಂಡು ಬದುಕುವ ತೋಡರ ನಡುವೆ ಅವರು ತಿಂಗಳುಗಟ್ಟಲೆ ಕಳೆದರು. ಮನೆಮನೆಯ ವಂಶಾವಳಿ ಕೇಳಿ ಬರೆದುಕೊಂಡರು. ಎಮ್ಮೆಯ ಹಾಲಿನ ಸುತ್ತ ಹೆಣೆದುಕೊಂಡ ಪೂಜೆ, ಕಟ್ಟಳೆಗಳನ್ನು ದಾಖಲಿಸಿದರು. 1906ರಲ್ಲಿ ಬಂದ ಅವರ ಪುಸ್ತಕ ತೋಡರ ಬಗ್ಗೆ ಇಂದಿಗೂ ತೆಗೆದು ನೋಡುವ ಗ್ರಂಥ.

ಅಲ್ಲಿ ಒಂದು ಘಟನೆ ನಡೆಯಿತು. ಅವರಿಗೆ ನೆರವಾಗುತ್ತಿದ್ದ ತೋಡರಲ್ಲಿ ಕೆಲವರಿಗೆ ಒಂದರ ಹಿಂದೆ ಒಂದು ಕಷ್ಟ ಬಂತು. ಒಬ್ಬ ಕಾಯಿಲೆ ಬಿದ್ದ, ಇನ್ನೊಬ್ಬನ ಹೆಂಡತಿ ತೀರಿಹೋದಳು. ಹೊರಗಿನವನಿಗೆ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ದೇವರಿಗೆ ಕೋಪ ಬಂದಿದೆ ಎಂದು ಶಾಸ್ತ್ರ ಹೇಳುವವರು ಹೇಳಿದರು. ಜನ ಬಾಯಿ ಬಿಡುವುದನ್ನು ಕಡಿಮೆ ಮಾಡಿದರು. ರಿವರ್ಸ್ ಇದನ್ನು ನಕ್ಕು ತಳ್ಳಿಹಾಕಲಿಲ್ಲ, ತಮ್ಮ ಪುಸ್ತಕದಲ್ಲೇ ಬರೆದುಕೊಂಡರು. ಮಾತಾಡುವವನಿಗೆ ಮಾತಿನ ಬೆಲೆ ಏನು ಎನ್ನುವುದನ್ನು ಅವರು ಅಲ್ಲಿ ಕಣ್ಣಾರೆ ನೋಡಿದ್ದರು. ಹದಿನೈದು ವರ್ಷಗಳ ನಂತರ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಮತ್ತೆ ಅದೇ ಪ್ರಶ್ನೆ ಅವರ ಎದುರು ನಿಂತಿತು.

ಶೆಲ್ ಶಾಕ್ ಎಂಬ ತಪ್ಪು ಹೆಸರು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಕೆಲವೇ ತಿಂಗಳಲ್ಲಿ ಫ್ರಾನ್ಸಿನ ಕಂದಕಗಳಿಂದ ವಿಚಿತ್ರ ರೋಗಿಗಳು ಬರತೊಡಗಿದರು. ಮೈಮೇಲೆ ಗಾಯವಿಲ್ಲ. ಆದರೆ ಒಬ್ಬನಿಗೆ ಮಾತು ನಿಂತಿದೆ, ಇನ್ನೊಬ್ಬನಿಗೆ ಕಾಲು ಆಡುತ್ತಿಲ್ಲ, ಮತ್ತೊಬ್ಬನಿಗೆ ನಡುಕ ನಿಲ್ಲುತ್ತಿಲ್ಲ. ರಿವರ್ಸ್ ಅವರ ಶಿಷ್ಯರೇ ಆದ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಾಗ ಶೆಲ್ ಶಾಕ್ ಎಂಬ ಪದ ಬಳಸಿದರು. ಹತ್ತಿರದಲ್ಲಿ ಸಿಡಿದ ಶೆಲ್ಲಿನ ಹೊಡೆತಕ್ಕೆ ಮೆದುಳು ಅದುರಿ ಹೀಗಾಗುತ್ತದೆ ಎಂಬುದು ಆಗಿನ ಊಹೆ.

ಊಹೆ ಬಹಳ ದಿನ ನಿಲ್ಲಲಿಲ್ಲ. ಶೆಲ್ಲಿನ ಹತ್ತಿರವೇ ಇರದಿದ್ದವರಲ್ಲೂ ಅದೇ ಲಕ್ಷಣಗಳು ಕಂಡವು. ಯುದ್ಧ ಮುಗಿಯುವಷ್ಟರಲ್ಲಿ ಬ್ರಿಟಿಷ್ ಸೇನೆಯಲ್ಲಿ ಸುಮಾರು 80,000 ಇಂಥ ಪ್ರಕರಣಗಳಾಗಿದ್ದವು. ಹಲವು ಅಧಿಕಾರಿಗಳ ಕಣ್ಣಿಗೆ ಇದು ಹೇಡಿತನ. ಲಂಡನ್ನಿನ ಕೆಲವು ವೈದ್ಯರು ಮಾತು ನಿಂತವರ ಗಂಟಲಿಗೆ ವಿದ್ಯುತ್ ಕೊಟ್ಟು ಮಾತಾಡಿಸುತ್ತಿದ್ದರು. ಪಲಾಯನ, ಹೇಡಿತನದಂಥ ಆರೋಪ ಹೊತ್ತ 306 ಸೈನಿಕರನ್ನು ಅವರ ಸೇನೆಯವರೇ ಗುಂಡಿಟ್ಟು ಕೊಂದರು. ಅವರಲ್ಲಿ ಎಷ್ಟೋ ಮಂದಿ ಇಂಥ ರೋಗಿಗಳೇ ಆಗಿದ್ದರು ಎಂಬ ವಾದ ದಶಕಗಳ ಕಾಲ ನಡೆಯಿತು. ಬ್ರಿಟನ್ ಅವರಿಗೆ ಕ್ಷಮೆ ಕೊಟ್ಟದ್ದು 2006ರಲ್ಲಿ.

ಹಗಲು ಮುಚ್ಚಿಟ್ಟದ್ದು ರಾತ್ರಿ ಬರುತ್ತಿತ್ತು

ರಿವರ್ಸ್ 1915ರಲ್ಲಿ ಲಿವರ್‌ಪೂಲ್ ಬಳಿಯ ಮ್ಯಾಗಲ್ ಸೇನಾ ಆಸ್ಪತ್ರೆಗೆ ಸೇರಿದರು. 1916ರಲ್ಲಿ ಎಡಿನ್‌ಬರೊ ಹೊರವಲಯದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದರು. ಅದು ಸೇನಾಧಿಕಾರಿಗಳಿಗೆ ಮೀಸಲಾದ ಆಸ್ಪತ್ರೆ. ಹಗಲಲ್ಲಿ ನೋಡಿದರೆ ಯುವಕರು ಗಾಲ್ಫ್ ಆಡಿಕೊಂಡು ಓಡಾಡಿಕೊಂಡು ಇರುತ್ತಿದ್ದರು. ರಾತ್ರಿಯಾದರೆ ಕೋಣೆ ಕೋಣೆಯಿಂದ ಚೀರಾಟ.

ಅಲ್ಲಿಗೆ ಬರುವ ಮುನ್ನ ಅವರಲ್ಲಿ ಅನೇಕರಿಗೆ ಸಿಕ್ಕಿದ್ದ ಸಲಹೆ ಒಂದೇ. ಯುದ್ಧದ ಯೋಚನೆ ಬಿಡಿ, ಒಳ್ಳೆಯ ಪುಸ್ತಕ ಓದಿ, ಸುಂದರವಾದದ್ದನ್ನು ನೆನೆಯಿರಿ. ವೈದ್ಯರೂ ಅದನ್ನೇ ಹೇಳಿದ್ದರು, ಮನೆಯವರೂ ಅದನ್ನೇ ಹೇಳಿದ್ದರು. ರೋಗಿಗಳು ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಹಗಲೆಲ್ಲ ಒತ್ತಿಹಿಡಿದದ್ದು ನಿದ್ದೆ ಹತ್ತಿದ ಕೂಡಲೇ ಎದ್ದು ಬರುತ್ತಿತ್ತು. ಮಲಗಲು ಹೆದರಿ ಎಚ್ಚರ ಕೂರುವವರಿದ್ದರು.

ರಿವರ್ಸ್ ಸಲಹೆಯನ್ನು ತಿರುಗಿಸಿದರು. ರೋಗಿಯನ್ನು ಕೂರಿಸಿಕೊಂಡು ಆದದ್ದನ್ನು ಹೇಳಲು ಬಿಟ್ಟರು. ಅವಸರವಿಲ್ಲ, ವಿದ್ಯುತ್ ಇಲ್ಲ. ನೆನಪಿನಲ್ಲಿ ಹೊರಲಾರದ ಭಾಗ ಯಾವುದು, ಹೊರಬಹುದಾದ ಭಾಗ ಏನಾದರೂ ಇದೆಯೇ ಎಂದು ಇಬ್ಬರೂ ಕೂಡಿ ಹುಡುಕುವುದು. ಇಷ್ಟೇ ಅವರ ಚಿಕಿತ್ಸೆ. 1917ರ ಡಿಸೆಂಬರಿನಲ್ಲಿ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದರು, ಮರುವರ್ಷ ಅದು ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಇಬ್ಬರು ರೋಗಿಗಳ ಕಥೆ ಕೇಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಗೆದ್ದ ಕಥೆ, ಸೋತ ಕಥೆ

ಮೊದಲನೆಯವನು ಯುವ ಅಧಿಕಾರಿ. ಕಾಣೆಯಾದ ಗೆಳೆಯನನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಶೆಲ್ಲಿಗೆ ಸಿಕ್ಕಿ ಚೂರಾದ ದೇಹ. ಅಂದಿನಿಂದ ಪ್ರತಿ ರಾತ್ರಿ ಆ ಗೆಳೆಯ ಅದೇ ರೂಪದಲ್ಲಿ ಕನಸಿಗೆ ಬರುತ್ತಿದ್ದ. ರಿವರ್ಸ್ ಅವನ ಗಮನವನ್ನು ಒಂದು ವಿಷಯದತ್ತ ತಿರುಗಿಸಿದರು. ದೇಹದ ಆ ಸ್ಥಿತಿಯೇ ಹೇಳುತ್ತದೆ, ಸಾವು ಕ್ಷಣಾರ್ಧದಲ್ಲಿ ಬಂದಿದೆ. ಗಾಯಗೊಂಡ ಎಷ್ಟೋ ಸೈನಿಕರು ಗಂಟೆಗಟ್ಟಲೆ ನರಳಿ ಸಾಯುತ್ತಾರೆ. ಗೆಳೆಯನಿಗೆ ಆ ನರಳಾಟ ಇರಲಿಲ್ಲ.

ಕೆಲವು ರಾತ್ರಿ ಕನಸೇ ಬರಲಿಲ್ಲ. ಆಮೇಲೆ ಬಂದ ಕನಸಿನಲ್ಲಿ ಅವನು ಮತ್ತೆ ಗೆಳೆಯನನ್ನು ಹುಡುಕಿಕೊಂಡು ಹೋದ. ಅದೇ ದೇಹ, ಅದೇ ಜಾಗ. ಈ ಸಲ ಅವನು ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಮನೆಯವರಿಗೆ ತಲುಪಿಸಬೇಕಾದ ವಸ್ತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತಿದ್ದ. ಬೆಲ್ಟ್ ಬಿಚ್ಚುವಾಗ ಎಚ್ಚರವಾಯಿತು. ಕಿರುಚಾಟವಿರಲಿಲ್ಲ, ಸದ್ದಿಲ್ಲದೆ ಅಳುತ್ತಿದ್ದ. ಮುಂದೊಂದು ಕನಸಿನಲ್ಲಿ ಅದೇ ಗೆಳೆಯನ ಜೊತೆ ಕೂತು ತನ್ನ ಕಷ್ಟ ಹೇಳಿಕೊಂಡ. ನೆನಪು ಅಳಿಸಿಹೋಗಿರಲಿಲ್ಲ. ಅದರ ಜೊತೆ ಇರಲು ಸಾಧ್ಯವಾಗಿತ್ತು.

ಎರಡನೆಯವನ ಕಥೆ ಬೇರೆ. ಸ್ಫೋಟಕ್ಕೆ ಎಸೆಯಲ್ಪಟ್ಟ ಅವನು ಹಲವು ದಿನ ಹಿಂದೆ ಸತ್ತಿದ್ದ ಜರ್ಮನ್ ಸೈನಿಕನ ದೇಹದ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ. ಕೊಳೆತದ್ದು ಬಾಯೊಳಗೇ ಹೋಗಿತ್ತು. ಆ ರುಚಿ, ಆ ವಾಸನೆ ಅವನನ್ನು ಬಿಡಲಿಲ್ಲ. ರಿವರ್ಸ್ ಎಷ್ಟು ಹುಡುಕಿದರೂ ಆ ನೆನಪಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಅವರು ಅದನ್ನು ಮುಚ್ಚಿಡದೆ ಬರೆದರು. ಹಳ್ಳಿಗಾಡಿನಲ್ಲಿದ್ದಾಗ ಅವನಿಗೆ ತುಸು ಸಮಾಧಾನ ಸಿಗುತ್ತಿತ್ತು. ಕೊನೆಗೆ ಸೇನೆ ಬಿಟ್ಟು ಅಂಥ ಕಡೆ ಹೋಗಿ ಬದುಕುವುದೇ ಸರಿ ಎಂದು ತೀರ್ಮಾನವಾಯಿತು.

ಹೇಳಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದೂ ರಿವರ್ಸ್ ಹೇಳಲಿಲ್ಲ. ಸದಾ ಅದನ್ನೇ ಮೆಲುಕು ಹಾಕುತ್ತ ಕೂತವರಿಗೆ ಅದು ಹಾನಿ ಎಂದೂ ಬರೆದರು. ಪೂರ್ತಿ ಮುಚ್ಚಿಡುವುದು, ಪೂರ್ತಿ ಮುಳುಗುವುದು, ಇವೆರಡರ ನಡುವಿನ ದಾರಿ ಅವರದು.

ವಾಸಿ ಮಾಡಿ ಎಲ್ಲಿಗೆ ಕಳಿಸುವುದು?

ಈ ಆಸ್ಪತ್ರೆಯಲ್ಲಿ ಗೆಲುವನ್ನು ಅಳೆಯುತ್ತಿದ್ದದ್ದು ಹೇಗೆ? ರೋಗಿ ಮತ್ತೆ ಯುದ್ಧಕ್ಕೆ ಹೋಗಬಲ್ಲನಾದರೆ ಚಿಕಿತ್ಸೆ ಫಲಿಸಿದೆ ಎಂದು. ಒಳ್ಳೆಯ ವೈದ್ಯನಾದಷ್ಟೂ ಹೆಚ್ಚು ಯುವಕರನ್ನು ಸಾವಿನ ಬಾಯಿಗೆ ಕಳಿಸಬೇಕು.

1917ರ ಜುಲೈನಲ್ಲಿ ಬಂದ ಕವಿ ಸೀಗ್‌ಫ್ರೀಡ್ ಸಸೂನ್ ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿ ಮಾಡಿದರು. ಶೌರ್ಯಕ್ಕೆ ಮಿಲಿಟರಿ ಕ್ರಾಸ್ ಪದಕ ಪಡೆದ ಅವರು, ಯುದ್ಧವನ್ನು ಬೇಕೆಂದೇ ಎಳೆಯಲಾಗುತ್ತಿದೆ, ತಾನಿನ್ನು ಹೋರಾಡುವುದಿಲ್ಲ ಎಂದು ಬಹಿರಂಗವಾಗಿ ಘೋಷಿಸಿದ್ದರು. ಸೇನಾ ವಿಚಾರಣೆ ತಪ್ಪಿಸಲು ಗೆಳೆಯ ರಾಬರ್ಟ್ ಗ್ರೇವ್ಸ್ ಓಡಾಡಿ ಅವರನ್ನು ಆಸ್ಪತ್ರೆಗೆ ಸೇರಿಸುವಂತೆ ನೋಡಿಕೊಂಡರು. ಇವರಿಗೆ ಶೆಲ್ ಶಾಕ್ ಇಲ್ಲ ಎನ್ನುವುದು ರಿವರ್ಸ್ ಅವರಿಗೆ ಬೇಗನೆ ತಿಳಿಯಿತು. ವಾರಕ್ಕೆ ಮೂರು ಸಂಜೆ ಇಬ್ಬರೂ ಕೂತು ಮಾತಾಡುತ್ತಿದ್ದರು. ಸೇನೆಯ ಸಮವಸ್ತ್ರ ತೊಟ್ಟ ವೈದ್ಯನಾಗಿ ರಿವರ್ಸ್ ಅವರನ್ನು ಕರ್ತವ್ಯಕ್ಕೆ ಮರಳಿಸಬೇಕಿತ್ತು. ಆದರೆ ಸಸೂನ್ ವಾದ ಅವರ ಕನಸಿಗೂ ಬರತೊಡಗಿತು. ಆ ಕನಸುಗಳನ್ನೂ ಅವರು ವಿಶ್ಲೇಷಿಸಿ ಬರೆದಿದ್ದಾರೆ.

ಸಸೂನ್ ನವೆಂಬರಿನಲ್ಲಿ ತಾವಾಗಿಯೇ ಮರಳಿದರು. 1918ರ ಜುಲೈನಲ್ಲಿ ತಮ್ಮವನೇ ತಪ್ಪಾಗಿ ಹಾರಿಸಿದ ಗುಂಡು ತಲೆಗೆ ತಾಗಿದರೂ ಬದುಕಿದರು. ಅದೇ ಆಸ್ಪತ್ರೆಯಲ್ಲಿ ಆರ್ಥರ್ ಬ್ರಾಕ್ ಎಂಬ ಇನ್ನೊಬ್ಬ ವೈದ್ಯರ ಬಳಿ ಗುಣವಾದ ಕವಿ ವಿಲ್ಫ್ರೆಡ್ ಓವೆನ್ ಅಷ್ಟು ಅದೃಷ್ಟವಂತನಾಗಿರಲಿಲ್ಲ. 1918ರ ನವೆಂಬರ್ 4ರಂದು, ಕದನ ನಿಲ್ಲಲು ಒಂದು ವಾರವಿರುವಾಗ, ಅವನು ಹತನಾದ.

ಯುದ್ಧದ ನಂತರ ರಿವರ್ಸ್ ಕೇಂಬ್ರಿಜ್‌ಗೆ ಮರಳಿದರು. ಸಂಕೋಚದ ಆ ಮನುಷ್ಯ ಈಗ ವಿದ್ಯಾರ್ಥಿಗಳೊಡನೆ ಬೆರೆತು ಹರಟುವಂತಾಗಿದ್ದರು. 1922ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಲೂ ಒಪ್ಪಿದರು. ಚುನಾವಣೆ ಬರಲಿಲ್ಲ, ಸಾವು ಬಂತು. ಕರುಳು ಸಿಕ್ಕಿಕೊಂಡ ಹರ್ನಿಯಾದಿಂದ ಜೂನ್ 4ರಂದು ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಹಾಗಾದರೆ ಗೇಮ್ ಕಥೆ ಏನು?

ರಿವರ್ಸ್ ನೋಡಿದ ಕಾಯಿಲೆಗೆ ಪಿಟಿಎಸ್‌ಡಿ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1980ರಲ್ಲಿ. ಇಂದಿನ ಚಿಕಿತ್ಸೆಗಳು ಅವರಿಂದ ನೇರವಾಗಿ ಬಂದವಲ್ಲ, ಬೇರೆ ಪರಂಪರೆಯಲ್ಲಿ ಬೆಳೆದವು. ಆದರೆ ಅವು ತಲುಪಿದ ಜಾಗ ಅದೇ: ಓಡಿಹೋದಷ್ಟೂ ನೆನಪು ಬೆನ್ನು ಹತ್ತುತ್ತದೆ, ನಂಬಿಕೆಯವರ ಜೊತೆ ಹಂತ ಹಂತವಾಗಿ ಎದುರಿಸಿದರೆ ಅದರ ಬಿಗಿ ಸಡಿಲವಾಗುತ್ತದೆ.

ಗೇಮ್ ಒಳಗೆ ಬಂದದ್ದು ಇಲ್ಲಿ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಕಿಪ್ ರಿಜ್ಜೊ ಅವರ ತಂಡ, 2004ರಲ್ಲಿ ಬಂದ ಫುಲ್ ಸ್ಪೆಕ್ಟ್ರಮ್ ವಾರಿಯರ್ ಎಂಬ ಎಕ್ಸ್‌ಬಾಕ್ಸ್ ಗೇಮಿನ ದೃಶ್ಯಗಳನ್ನು ಬಳಸಿ ವರ್ಚುವಲ್ ಇರಾಕ್ ಕಟ್ಟಿತು. ಸೈನಿಕ ಹೆಡ್‌ಸೆಟ್ ಧರಿಸಿ ತನಗಾದದ್ದನ್ನು ಹೇಳುತ್ತಾನೆ. ಪಕ್ಕದಲ್ಲಿ ಕುಳಿತ ಚಿಕಿತ್ಸಕರು ಅವನು ತಾಳಿಕೊಳ್ಳುವಷ್ಟೇ ಹೆಲಿಕಾಪ್ಟರ್ ಸದ್ದು, ಸ್ಫೋಟ, ಡೀಸೆಲ್ ವಾಸನೆ ಸೇರಿಸುತ್ತಾರೆ. ಇಲ್ಲಿ ಅಂಕವಿಲ್ಲ, ಗೆಲುವಿಲ್ಲ.

ಇದು ಕೆಲಸ ಮಾಡುತ್ತದೆಯೇ? 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 162 ಅಮೆರಿಕನ್ ಸೈನಿಕರನ್ನು ಮೂರು ಗುಂಪು ಮಾಡಿದ್ದರು: ವಿಆರ್ ಚಿಕಿತ್ಸೆ, ಕಲ್ಪಿಸಿಕೊಂಡು ಮಾತಾಡುವ ಚಿಕಿತ್ಸೆ, ಸದ್ಯಕ್ಕೆ ಯಾವುದೂ ಇಲ್ಲ. ಎರಡೂ ಚಿಕಿತ್ಸೆಗಳು ಸುಮ್ಮನೆ ಕಾಯುವುದಕ್ಕಿಂತ ಮೇಲೆಂದು ಕಂಡವು. ಆದರೆ ಬರೀ ಮಾತಿಗಿಂತ ವಿಆರ್ ಹೆಚ್ಚೇನೂ ಗೆಲ್ಲಲಿಲ್ಲ.

ಇನ್ನೊಂದು ಟೆಟ್ರಿಸ್, ಬೀಳುವ ಇಟ್ಟಿಗೆ ಜೋಡಿಸುವ ಹಳೆಯ ಆಟ. ಕಣ್ಣಿಗೆ ಕಟ್ಟುವ ನೆನಪು ಗಟ್ಟಿಯಾಗುತ್ತಿರುವಾಗ ಕಣ್ಣಿಗೇ ಬೇರೆ ಕೆಲಸ ಕೊಟ್ಟರೆ ಅದು ಮತ್ತೆ ಮತ್ತೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ಯೋಚನೆ. 2009ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಭಯಾನಕ ದೃಶ್ಯ ತೋರಿಸಿ ಇದನ್ನು ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಸ್ತೆ ಅಪಘಾತವಾಗಿ ಆಸ್ಪತ್ರೆಗೆ ಬಂದ 71 ಮಂದಿಯಲ್ಲಿ ಪರೀಕ್ಷಿಸಿದಾಗ, ಆಡಿದವರಿಗೆ ಮೊದಲ ವಾರ ನುಗ್ಗಿ ಬರುವ ನೆನಪುಗಳು ಕಡಿಮೆ ಇದ್ದವು. 2020ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನದಲ್ಲಿ 40 ಸೈನಿಕರಿದ್ದರು, ಎಲ್ಲರಿಗೂ ಚಿಕಿತ್ಸೆ ನಡೆಯುತ್ತಿತ್ತು. ಅದರ ಜೊತೆಗೆ ಟೆಟ್ರಿಸ್ ಆಡಿದ ಅರ್ಧದಷ್ಟು ಮಂದಿಯಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಕೊಂಚ ಹಿಗ್ಗಿತ್ತು. ಆಶಾದಾಯಕ, ಆದರೆ ಚಿಕ್ಕ ಅಧ್ಯಯನ. ಆಟ ಚಿಕಿತ್ಸೆಯ ಜೊತೆಗಿತ್ತು, ಬದಲಿಗಲ್ಲ ಎನ್ನುವುದನ್ನು ಗಮನಿಸಿ.

ಫಾರ್ವರ್ಡ್ ಮಾಡುವ ಮುನ್ನ

ಗೇಮ್ ಆಡಿದರೆ ಯುದ್ಧದ ನೆನಪು ಅಳಿಸುತ್ತದೆ ಎನ್ನುವುದು ತಪ್ಪು. ತಜ್ಞರ ಕೈಯಲ್ಲಿ ಅದು ಒಂದು ಸಾಧನವಾಗಬಹುದು ಎನ್ನುವುದು ಸರಿ. ಮನೆಯಲ್ಲಿ ಕೂತು ಗುಂಡು ಹಾರಿಸುವ ಗೇಮ್ ಆಡುವುದಕ್ಕೂ ಈ ಚಿಕಿತ್ಸೆಗೂ ಸಂಬಂಧವಿಲ್ಲ.

ನಿಮ್ಮ ಮನೆಯಲ್ಲಿ ಸೇನೆಯಿಂದ ನಿವೃತ್ತರಾದವರು ಇರಬಹುದು, ಅಪಘಾತ ಕಂಡವರು, ಹಿಂಸೆ ಅನುಭವಿಸಿದವರು ಇರಬಹುದು. ಅವರಿಗೆ ಮರೆತುಬಿಡು ಎಂದು ಹೇಳಬೇಡಿ. ಹಾಗೆಂದು ಆಗಿನ್ನೂ ಆಘಾತವಾದವರನ್ನು ಕೂರಿಸಿಕೊಂಡು ಎಲ್ಲ ಹೇಳು ಎಂದು ಒತ್ತಾಯಿಸಲೂ ಬೇಡಿ. ಹಾಗೆ ಒತ್ತಾಯದಿಂದ ಹೇಳಿಸುವುದರಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಎನ್ನುತ್ತವೆ ಸಂಶೋಧನೆಗಳು. ಅವರು ಹೇಳಲು ಹೊರಟಾಗ ಮಾತು ಬದಲಿಸದೆ ಕೇಳಿಸಿಕೊಳ್ಳಿ. ತಿಂಗಳು ಕಳೆದರೂ ನಿದ್ದೆಯಿಲ್ಲ, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಗೇಮಿನ ಫಾರ್ವರ್ಡ್ ಬಂದ ಗ್ರೂಪಿಗೆ ಆ ನಂಬರ್ ಕಳಿಸಿದರೆ ಯಾರಿಗಾದರೂ ಉಪಯೋಗವಾದೀತು.